ನೀರಿನ ಸಂಪಿನೊಳಗೆ ಮಳೆನೀರು ನುಗ್ಗಿದರೆ ಬ್ಲೀಚಿಂಗ್ ಪೌಡರ್ ಹಿಡಿಗಟ್ಟಲೆ ಸುರಿಯಬೇಡಿ

ಬೆಂಗಳೂರಿನಲ್ಲಿ ರಾತ್ರಿ ಜೋರು ಮಳೆ ಹೊಡೆದರೆ ಮರುದಿನ ತಗ್ಗಿನ ಬಡಾವಣೆಗಳಲ್ಲಿ ಎಲ್ಲರೂ ಸಂಪಿನ ಮುಚ್ಚಳ ತೆಗೆದು ಇಣುಕುತ್ತಿರುತ್ತಾರೆ. ನೀರು ಕೆಂಪಗೆ ಕದಡಿದ್ದರೆ ಒಬ್ಬರು ಅಂಗಡಿಗೆ ಓಡಿ ಬ್ಲೀಚಿಂಗ್ ಪೌಡರ್ ತರುತ್ತಾರೆ. ಎರಡು ಹಿಡಿ ಎಸೆದು ಮುಚ್ಚಳ ಮುಚ್ಚಿದರೆ ಮುಗಿಯಿತು. ಮನೆಯೆಲ್ಲಾ ವಾಸನೆ ಬಂತಲ್ಲ, ನೀರು ಶುದ್ಧವಾಯಿತು ಎಂಬ ಧೈರ್ಯ. ಅದು ಸುಳ್ಳು ಧೈರ್ಯ. ಕದಡಿದ ನೀರಿಗೆ ಹಾಕಿದ ಪುಡಿಯಲ್ಲಿನ ಕ್ಲೋರಿನ್ ಕೆಸರಿನ ಜೊತೆಗೇ ಸೆಣಸಿ ಖರ್ಚಾಗಿ ಹೋಗುತ್ತದೆ. ರೋಗಾಣುಗಳ ತನಕ ತಲುಪುವುದೇ ಇಲ್ಲ. ಪುಡಿಯಲ್ಲಿದ್ದ ಸುಣ್ಣ ತಳದಲ್ಲಿ ಕೂರುತ್ತದೆ, ಅಷ್ಟೇ.

ಹಾಗಾಗಿ ಕೆಟ್ಟ ನೀರನ್ನು ಸರಿ ಮಾಡಲು ಹೋಗಬೇಡಿ. ಹೊರಗೆ ಚೆಲ್ಲಿ. ದುಡ್ಡು ಕೊಟ್ಟ ಟ್ಯಾಂಕರ್ ನೀರು ಎಂದು ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಚೆಲ್ಲಲೇಬೇಕು.

ಮೊದಲು ಕರೆಂಟ್, ಆಮೇಲೆ ನೀರು

ಮೋಟಾರಿನ ಸ್ವಿಚ್ ಆಫ್ ಮಾಡಿದರೆ ಸಾಲದು, ಬೋರ್ಡಿನಲ್ಲಿ ಅದಕ್ಕೆ ಕರೆಂಟ್ ಕಡಿಯುವ ಎಂಸಿಬಿಯನ್ನೇ ಇಳಿಸಿ. ಮೀಟರ್ ಬೋರ್ಡಿನ ತನಕ ನೀರು ಬಂದಿದ್ದರೆ ಏನನ್ನೂ ಮುಟ್ಟದೆ 1912ಕ್ಕೆ ಕರೆ ಮಾಡಿ, ಅದು ಬೆಸ್ಕಾಂ ಸಹಾಯವಾಣಿ. ನೀರಿನಲ್ಲಿ ಮುಳುಗಿ ಎದ್ದ ಮೋಟಾರನ್ನು ಎಲೆಕ್ಟ್ರಿಷಿಯನ್ ನೋಡುವ ತನಕ ಆನ್ ಮಾಡಬೇಡಿ. ಸಂಪು ಖಾಲಿ ಮಾಡಲು ಬಾಡಿಗೆ ಪಂಪ್ ಸಿಗುತ್ತದೆ.

ಒಂದು ಎಚ್ಚರಿಕೆ. ನಿಮ್ಮದು ನೆಲದಲ್ಲಿ ಹೂತ ಪ್ಲಾಸ್ಟಿಕ್ ಸಂಪಾಗಿದ್ದರೆ, ಸುತ್ತ ನೀರು ನಿಂತಿರುವಾಗ ಪೂರ್ತಿ ಬರಿದು ಮಾಡಬೇಡಿ. ಹೊರಗಿನ ನೀರು ಅದನ್ನು ಮೇಲಕ್ಕೆ ಎತ್ತಿಬಿಡಬಹುದು. ಸುತ್ತಲಿನ ನೀರು ಇಳಿಯುವ ತನಕ ಕಾಯಿರಿ.

ಒಳಗೆ ಇಳಿಯುವ ಮಾತು

ಇಳಿಯದೆ ಆಗುವುದಾದರೆ ಇಳಿಯಬೇಡಿ. ಉದ್ದ ಕೋಲಿನ ಬ್ರಶ್, ಪೈಪಿನ ನೀರು, ಕೆಸರು ಎಳೆಯುವ ಪಂಪ್ ಇದ್ದರೆ ಚಿಕ್ಕ ಸಂಪನ್ನು ಮೇಲೆ ನಿಂತೇ ತೊಳೆಯಬಹುದು. ಬಹಳ ದಿನ ಮುಚ್ಚಿಟ್ಟ ಸಂಪಿನಲ್ಲಿ, ಅದರಲ್ಲೂ ಚರಂಡಿ ನೀರು ಸೇರಿದ ಸಂಪಿನಲ್ಲಿ, ಉಸಿರಾಡುವ ಗಾಳಿಯೇ ಇರದಿರಬಹುದು. ದೀಪ ಇಳಿಬಿಟ್ಟು ನೋಡುವ ಹಳೇ ಉಪಾಯವನ್ನು ನಂಬಬೇಡಿ. ವಿಷಗಾಳಿ ಇದ್ದರೂ ದೀಪ ಉರಿಯುತ್ತಿರಬಹುದು, ಹತ್ತಿಕೊಳ್ಳುವ ಅನಿಲವಿದ್ದರೆ ಬೆಂಕಿಯೇ ಆದೀತು. ದೊಡ್ಡ ಸಂಪಾದರೆ ಗಾಳಿ ಯಂತ್ರ, ಸೊಂಟಕ್ಕೆ ಹಗ್ಗ, ಮೇಲೆ ಕಾವಲಿಗೆ ಜನ, ಇಷ್ಟೂ ಇಟ್ಟುಕೊಂಡು ಬರುವವರನ್ನೇ ಕರೆಸಿ. ಕಡಿಮೆ ದುಡ್ಡಿಗೆ ಒಬ್ಬನೇ ಬಂದು ಬನಿಯನ್ನಿನಲ್ಲಿ ಇಳಿಯುತ್ತೇನೆ ಎಂದರೆ ಬೇಡ ಎನ್ನಿ. ಒಳಗಿದ್ದವರು ಕುಸಿದರೆ ಅವರ ಹಿಂದೆ ಇಳಿಯಬೇಡಿ, 112ಕ್ಕೆ ಕರೆ ಮಾಡಿ. ಸಂಪಿನಲ್ಲಿ ಒಂದು ಸಾವು ಎರಡು ಮೂರಾಗುವುದು ಹೀಗೆ ಇಳಿದಾಗಲೇ.

ಕೆಸರು, ಪಾಚಿ ತೆಗೆದ ಮೇಲೆ 10 ಲೀಟರ್ ನೀರಿಗೆ 40 ಗ್ರಾಂ ಬ್ಲೀಚಿಂಗ್ ಪೌಡರ್ ಕರಗಿಸಿ, ಮೇಲಿನಿಂದಲೇ ಗೋಡೆಗೆ, ತಳಕ್ಕೆ ಬ್ರಶ್ಶಿನಲ್ಲಿ ಬಳಿಯಿರಿ. ಅರ್ಧ ಗಂಟೆ ಬಿಟ್ಟು ತೊಳೆದು ಹೊರಗೆ ಚೆಲ್ಲಿ. ಈ ಹಂತದಲ್ಲಂತೂ ಯಾರೂ ಒಳಗಿರಬಾರದು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸ್ವಲ್ಪ ಸೇರಿಸಿದರೆ ಕಲೆ ಬೇಗ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರನ್ನು ಮನೆಗೆ ಕಳಿಸಿ. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಸೇರಿದರೆ ಏಳುವುದು ಕ್ಲೋರಿನ್ ಅನಿಲ.

ಲೆಕ್ಕ ಮಾಡಿ ಹಾಕುವುದು

ಎಲ್ಲರೂ ಎಡವುವುದು ಇಲ್ಲೇ. ಸಂಪಿಗೆ ಹೊಸ ನೀರು ಬಿಟ್ಟ ಮೇಲೆ ಟೇಪ್ ಹಿಡಿದು ಅಳೆಯಿರಿ. ಉದ್ದ, ಅಗಲ, ನೀರಿನ ಆಳ, ಮೂರೂ ಅಡಿಯಲ್ಲಿ. ಸಂಪಿನ ಆಳ ಅಲ್ಲ, ನೀರಿನ ಆಳ. ಮೂರನ್ನೂ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಸಂಪು 8 ಅಡಿ ಉದ್ದ, 6 ಅಡಿ ಅಗಲ ಇದ್ದು, ನೀರು ಮೂರೂವರೆ ಅಡಿ ನಿಂತಿದ್ದರೆ 168 ಘನ ಅಡಿ, ಅಂದರೆ ಸುಮಾರು 4,700 ಲೀಟರ್.

ಸಾಮಾನ್ಯ ದಿನಗಳಲ್ಲಿ 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಕೊಳಕು ನೀರು ನುಗ್ಗಿ ತೊಳೆದ ಸಂಪಾದರೆ ಮೊದಲ ಸಲ ಅದರ ಎರಡರಷ್ಟು, 5 ಗ್ರಾಂ. ಮೇಲಿನ ಸಂಪಿಗೆ 23–24 ಗ್ರಾಂ ಆಯಿತು. ಅಷ್ಟೇನಾ ಅಂತ ಆಶ್ಚರ್ಯ ಅಲ್ವಾ? ಅಷ್ಟೇ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕಾಗದ ಇಟ್ಟು ತೂಗಿ, ಹಿಡಿ ಲೆಕ್ಕ ಬೇಡ.

ಪುಡಿಯನ್ನು ನೇರವಾಗಿ ಸಂಪಿಗೆ ಹಾಕುವಂತಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಬೆರೆಸಿ ಗಂಟಿಲ್ಲದಂತೆ ಕಲಸಿ. ಮುಕ್ಕಾಲು ಬಕೆಟ್ ಆಗುವಷ್ಟು ನೀರು ಸೇರಿಸಿ ಕದಡಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿಯುತ್ತದೆ, ಕ್ಲೋರಿನ್ ಮೇಲಿನ ತಿಳಿಯಲ್ಲಿರುತ್ತದೆ. ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಗಸಿಯನ್ನು ಚೆಲ್ಲಿ. ಎರಡನೇ ಬಕೆಟ್ಟನ್ನು ಹಗ್ಗ ಕಟ್ಟಿ ಸಂಪಿನೊಳಗೆ ಇಳಿಸಿ, ನೀರಿನಲ್ಲೇ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಮುಟ್ಟಬೇಡಿ. ಅವಸರ ಮಾಡಿ ಹತ್ತು ನಿಮಿಷಕ್ಕೇ ಮೋಟಾರ್ ಹಾಕುವವರು ಪಟ್ಟ ಕಷ್ಟವೆಲ್ಲಾ ದಂಡ.

ಪುಡಿಯ ಬಗ್ಗೆ ಎರಡು ಮಾತು. ಅಂಗಡಿಯ ಮೂಲೆಯಲ್ಲಿ ಬಾಯಿ ತೆರೆದ ಚೀಲದಿಂದ ತೂಗಿ ಕೊಡುವ ಪುಡಿ ಬೇಡವೇ ಬೇಡ. ಗಾಳಿ, ತೇವ ತಾಗಿದರೆ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ಐಎಸ್‌ಐ ಗುರುತಿನ, ಸೀಲ್ ಇರುವ ಚಿಕ್ಕ ಪೊಟ್ಟಣ ತನ್ನಿ. ಬಟ್ಟೆ ಬಿಳಿ ಮಾಡುವ ಸುವಾಸನೆಯ ಬ್ಲೀಚ್ ಕುಡಿಯುವ ನೀರಿಗೆ ಬಾರದು. ಪಟಿಕ ಕೆಸರನ್ನು ಕೂರಿಸುತ್ತದೆ, ರೋಗಾಣುಗಳನ್ನು ಕೊಲ್ಲುವುದಿಲ್ಲ.

ನಂತರ ಮೋಟಾರ್ ಹಾಕಿ, ಮೊದಲೇ ತೊಳೆದಿಟ್ಟ ಓವರ್‌ಹೆಡ್ ಟ್ಯಾಂಕ್ ತುಂಬಿಸಿ. ಮನೆಯ ಎಲ್ಲಾ ನಲ್ಲಿಗಳನ್ನೂ ಕ್ಲೋರಿನ್ ವಾಸನೆ ಬರುವ ತನಕ ಬಿಡಿ. ಈ ಹೊತ್ತಿನಲ್ಲಿ ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಬಂದ್ ಇರಲಿ, ಕ್ಲೋರಿನ್ ಜಾಸ್ತಿಯಾದರೆ ಅದರ ಪೊರೆ ಹಾಳಾಗುತ್ತದೆ. ಹನಿ ಹಾಕಿದರೆ ಹಳದಿ ಬಣ್ಣ ಬರುವ ಕ್ಲೋರಿನ್ ಪರೀಕ್ಷೆ ಕಿಟ್ ಸಿಗುತ್ತದೆ, ಒಂದು ತಂದಿಡಿ. ನೀರು ಲೀಟರಿಗೆ 0.5 ಮಿಲಿಗ್ರಾಂ ಆಸುಪಾಸು ತೋರಿಸಿದರೆ ಸರಿಯಾಯಿತು. ಬಣ್ಣವೇ ಬರದಿದ್ದರೆ ಅರ್ಧ ಪ್ರಮಾಣ ಮತ್ತೆ ಹಾಕಿ, ಇನ್ನೊಂದು ಗಂಟೆ ಕಾಯಿರಿ. ಆಮೇಲೂ ಕೆಲವು ದಿನ ಕುಡಿಯುವ ನೀರನ್ನು ಕುದಿಸಿ. ಬೆಚ್ಚಗೆ ಮಾಡುವುದಲ್ಲ, ಗುಳ್ಳೆ ಎದ್ದು ಒಂದು ನಿಮಿಷವಾದರೂ ಕೊತಕೊತ ಕುದಿಯಬೇಕು.

ಕೊಳಕು ಎಲ್ಲಿಂದ ಬಂತು?

ತೊಳೆದ ಮೇಲೂ ವಾಸನೆ ಬಂದರೆ ತಪ್ಪು ಸಂಪಿನದಲ್ಲದೇ ಇರಬಹುದು. ಕಾವೇರಿ ನೀರು ಬಿಡುವ ದಿನ ಸಂಪಿನ ವಾಲ್ವ್ ಮುಚ್ಚಿ, ಲೈನಿನ ಮೊದಲ ನಾಲ್ಕೈದು ಬಕೆಟ್ ಹೊರಗೆ ಹಿಡಿದು ಮೂಸಿ ನೋಡಿ. ನೀರು ಬಿಡುವುದು ನಿಂತಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಎಲ್ಲೋ ಸೀಳು ಬಿಟ್ಟಿದ್ದರೆ ಪಕ್ಕದ ಚರಂಡಿಯ ನೀರು ಒಳಗೆ ಸೇರುತ್ತದೆ. ಬೀದಿಯಲ್ಲಿ ಯಾರಾದರೂ ಲೈನಿಗೇ ಮೋಟಾರ್ ಹಾಕಿ ಎಳೆಯುತ್ತಿದ್ದರೆ ಇನ್ನೂ ಜಾಸ್ತಿ ಸೇರುತ್ತದೆ. ಅದು ಕಾನೂನಿಗೂ ವಿರುದ್ಧ. ಜಲಮಂಡಳಿಯ 1916ಕ್ಕೆ ದೂರು ಕೊಟ್ಟು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಕ್ಕಪಕ್ಕದವರೂ ಬೇರೆ ಬೇರೆ ದೂರು ಕೊಟ್ಟರೆ ಯಾವ ಭಾಗದ ಪೈಪ್ ಒಡೆದಿದೆ ಎಂದು ಹುಡುಕುವುದು ಸುಲಭ. ರಸ್ತೆಯ ಮಳೆನೀರಿನ ಚರಂಡಿ ಕಟ್ಟಿಕೊಂಡಿದ್ದರೆ ಪಾಲಿಕೆಯ ಸಹಾಯವಾಣಿ 1533 ಇದೆ.

ಮತ್ತೆ ಮತ್ತೆ ರಸ್ತೆಯ ನೀರೇ ನುಗ್ಗುತ್ತಿದ್ದರೆ ಅದಕ್ಕೆ ಮೇಸ್ತ್ರಿಯೇ ಮದ್ದು. ಡಾಂಬರಿನ ಮೇಲೆ ಡಾಂಬರು ಬಿದ್ದು ಎಷ್ಟೋ ಕಡೆ ರಸ್ತೆ ಮನೆಗಿಂತ ಎತ್ತರವಾಗಿದೆ. ಸಂಪಿನ ಬಾಯಿಯ ಸುತ್ತ ಅರ್ಧ ಅಡಿಯಾದರೂ ಕಟ್ಟೆ ಎತ್ತರಿಸಿ, ರಬ್ಬರ್ ಅಂಚಿನ ಮುಚ್ಚಳ ಹಾಕಿಸಿ. ತಾರಸಿ ನೀರನ್ನು ಯುಜಿಡಿ (ಒಳಚರಂಡಿ) ಲೈನಿಗೆ ಕೊಟ್ಟಿದ್ದರೆ ಇದೇ ಮೇಸ್ತ್ರಿಯಿಂದ ಅದನ್ನೂ ಬಿಡಿಸಿ. ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕಲು ಇಂಥ ಸಂಪರ್ಕಗಳೂ ಕಾರಣ, ಉಕ್ಕಿದ್ದು ತಗ್ಗಿನಲ್ಲಿರುವ ಸಂಪನ್ನೇ ಹುಡುಕಿಕೊಂಡು ಬರುತ್ತದೆ. ಮೇ ತಿಂಗಳ ಮುಂಗಾರು ಪೂರ್ವ ಮಳೆಗೆ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಮೇಸ್ತ್ರಿ ಸಿಗುವುದಿಲ್ಲ, ಸಿಕ್ಕರೂ ಸಿಮೆಂಟ್ ಒಣಗುವುದಿಲ್ಲ.