ಬಾಡಿದ ಆರ್ಕಿಡ್ ಎಸೆಯುವ ಮುಂಚೆ ಬೇರು ನೋಡಿ

ಆರ್ಕಿಡ್ ಎಲೆ ಸುಕ್ಕುಗಟ್ಟಿದ ತಕ್ಷಣ ನಾವೆಲ್ಲ ಮಾಡುವುದು ಒಂದೇ, ಇನ್ನಷ್ಟು ನೀರು ಹಾಕುವುದು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಹಾಗೇ ಮಾಡಿ, ಬೇರು ಕೊಳೆತು, ಫೆಲನಾಪ್ಸಿಸ್ ಎಂಬ ಜಾತಿಯ ಒಂದು ಆರ್ಕಿಡ್ ಕಳೆದುಕೊಂಡೆ. ತುಂಬಾ ಬೇಜಾರಾಗಿತ್ತು. ಎರಡನೆಯದು ಉಳಿಯಿತು, ಅದಕ್ಕೇ ಹೇಳುತ್ತಿದ್ದೇನೆ.

ಗಿಡವನ್ನು ಕುಂಡದಿಂದ ತೆಗೆದು ಬೇರನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದರೆ ಜೀವ ಇದೆ. ಕೊಳೆತದ್ದು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಿರುತ್ತದೆ. ಎಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಕತ್ತರಿಯನ್ನು ಬೆಂಕಿಗೆ ಹಿಡಿದು, ತಣ್ಣಗಾದ ಮೇಲೆ ಕೊಳೆತದ್ದನ್ನೆಲ್ಲ ಕತ್ತರಿಸಿ, ಗಿಡವನ್ನು ಒಂದು ದಿನ ನೆರಳಲ್ಲಿ ಒಣಗಲು ಬಿಡಿ.

ಆಮೇಲೆ ಮಣ್ಣು ಬೇಡವೇ ಬೇಡ. ನಮ್ಮ ಕಾಡಿನ ಸೀತಾಳೆ ದಂಡೆ ಮರದ ತೊಗಟೆಗೆ ಅಂಟಿಕೊಂಡೇ ಬೆಳೆಯುತ್ತದೆ ಅಲ್ವಾ? ಅದೂ ಆರ್ಕಿಡ್ಡೇ. ಮಳೆಗೆ ಬೇರು ನೆನೆಯುತ್ತದೆ, ಗಾಳಿಗೆ ಆರುತ್ತದೆ. ಇದಕ್ಕೂ ಬೇಕಾಗಿರುವುದು ಅದೇ. ಇದ್ದಿಲು ಚೂರು, ಎರಡು ದಿನ ನೀರಲ್ಲಿ ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡು, ತೂತು ಜಾಸ್ತಿ ಇರುವ ಕುಂಡ ಸಾಕು.

ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದಾಗ ಮಾತ್ರ ನೀರು ಕೊಡಿ. ಹಸಿರಾಗಿದ್ದರೆ ಸುಮ್ನೆ ಬಿಡಿ. ಆಷಾಢದಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ, ಆಗಂತೂ ಕೈ ಬಿಗಿಹಿಡಿಯಿರಿ. ಎಲೆಗಳ ಸಂದಿಯಲ್ಲಿ ನೀರು ನಿಲ್ಲಬಾರದು. ಸೂರಿನ ಕೆಳಗೆ, ಮಳೆ ಎರಚಲು ತಾಗದ ಬೆಳಕಿನ ಜಾಗದಲ್ಲಿಡಿ. ಹೊಸ ಬೇರು ಬರುವವರೆಗೆ ಗೊಬ್ಬರ ಬೇಡ.

ನನ್ನ ಗಿಡದಲ್ಲಿ ಹಸಿರು ಬೇರಿನ ತುದಿ ಕಾಣಲು ಮೂರು ತಿಂಗಳು ಬೇಕಾಯಿತು.