ಟ್ಯೂಷನ್ ಬಿಡಿಸಿ ತಪ್ಪುಗಳ ಲೆಕ್ಕ ಇಟ್ಟೆವು: ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ನನ್ನ ಅನುಭವ

ಮಗಳಿಗೆ 2025ರ ಪರೀಕ್ಷೆ-1ರ (ಆ ವರ್ಷದ ಮೊದಲ ಬೋರ್ಡ್ ಪರೀಕ್ಷೆ) ಗಣಿತದಲ್ಲಿ 80ಕ್ಕೆ 74 ಬಂತು. ಇಂಟರ್ನಲ್ 20 ಸೇರಿಸಿದರೆ 94. ಇದೇನು ರಾಜ್ಯಕ್ಕೇ ಮೊದಲು ಅಲ್ಲ, ಗೊತ್ತು. ಆದರೆ ಅದೇ ಶೈಕ್ಷಣಿಕ ವರ್ಷದ ಅರ್ಧವಾರ್ಷಿಕದಲ್ಲಿ 80ಕ್ಕೆ 41 ತಂದಿದ್ದ ಹುಡುಗಿ ಇವಳು. ಅಕ್ಟೋಬರಿನಲ್ಲಿ ಟ್ಯೂಷನ್ ಬಿಡಿಸಿದಾಗ "ಹತ್ತನೇ ಕ್ಲಾಸಿನ ಮಧ್ಯದಲ್ಲಿ ಯಾರಾದ್ರೂ ಟ್ಯೂಷನ್ ಬಿಡಿಸ್ತಾರೇನ್ರೀ" ಅಂದವರೇ ಈಗ ಏನು ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಬರೆದು ಹಾಕುತ್ತಿದ್ದೇನೆ.

ನಾನು ಮೇಷ್ಟ್ರಲ್ಲ. ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ತ್ರಿಕೋನಮಿತಿ ಮರೆತು ಇಪ್ಪತ್ತು ವರ್ಷದ ಮೇಲಾಯಿತು. ಮಗಳು ಓದಿದ್ದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ.

ಮೊದಲು ದುಡ್ಡಿನ ವಿಷಯ. ಒಂಬತ್ತರಲ್ಲಿ ಟ್ಯೂಷನ್ನಿಗೆ ತಿಂಗಳಿಗೆ 1,200, ಹತ್ತಕ್ಕೆ ಬಂದ ಕೂಡಲೇ 1,800. ಅದರ ಮೇಲೆ ಆಟೊ ಖರ್ಚು. ಇದಕ್ಕೂ ಮುಂಚೆ ಒಂದು ಕಲಿಕೆಯ ಆ್ಯಪ್‌ನವನು ಮನೆಗೇ ಬಂದು, ಮಗಳಿಗೊಂದು ಟೆಸ್ಟ್ ಕೊಟ್ಟು, "ಬೇಸಿಕ್ಸೇ ಇಲ್ಲ ಸಾರ್" ಅಂತ ನಮ್ಮಿಬ್ಬರನ್ನೂ ಹೆದರಿಸಿ 24 ಸಾವಿರದ ಕಂತಿಗೆ ಸಹಿ ಹಾಕಿಸಿಕೊಂಡು ಹೋಗಿದ್ದ. ಅವನು ಕೊಟ್ಟ ಟ್ಯಾಬ್‌ನಲ್ಲಿ ಈಗ ಚಿಕ್ಕ ಮಗ ಕಾರ್ಟೂನ್ ನೋಡುತ್ತಾನೆ. ಎಲ್ಲಾ ಸೇರಿ ಐವತ್ತು ಸಾವಿರ ದಾಟಿರಬೇಕು. ಕೈಗೆ ಬಂದಿದ್ದು 41.

ಟ್ಯೂಷನ್ನಿನವರು ಮೋಸಗಾರರೇನಲ್ಲ. ಒಂದು ಬ್ಯಾಚಿನಲ್ಲಿ ಮೂವತ್ತು-ನಲವತ್ತು ಮಕ್ಕಳು. ಎಲ್ಲರಿಗೂ ಒಂದೇ ಮದ್ದು, ಇನ್ನಷ್ಟು ಲೆಕ್ಕ ಮಾಡಿ ಅನ್ನೋದು. ಒಂದೇ ಥರದ ಇಪ್ಪತ್ತು ಲೆಕ್ಕ ಮಾಡಿಸಿದರೆ ಅವತ್ತು ಎಲ್ಲರೂ ಸರಿಯಾಗೇ ಮಾಡುತ್ತಾರೆ. ನೋಟ್‌ಬುಕ್ಕಿನ ತುಂಬಾ ರೈಟ್ ಮಾರ್ಕು. ನಾವೂ ಖುಷಿ.

ಅರ್ಧವಾರ್ಷಿಕದ ಉತ್ತರ ಪತ್ರಿಕೆಯನ್ನು ಪೋಷಕರ ಸಹಿಗೆ ಅಂತ ಮನೆಗೆ ಕಳಿಸಿ ಮತ್ತೆ ವಾಪಸ್ ತಗೊಳ್ತಾರಲ್ವಾ, ಸಹಿ ಹಾಕುವ ಮೊದಲು ಪ್ರತಿ ಪುಟದ ಫೋಟೊ ತೆಗೆದುಕೊಂಡೆ. ಭಾನುವಾರ ಕೂತು, ನಗದು ಪುಸ್ತಕ ತಾಳೆಯಾಗದಿದ್ದರೆ ಆಫೀಸಿನಲ್ಲಿ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಹೋಗಿದ್ದು 39 ಅಂಕ. ಯಾವ್ಯಾವುದು ಎಲ್ಲಿ ಹೋಯಿತು ಅಂತ ಒಂದೊಂದಾಗಿ ಬರೆದುಕೊಂಡೆ.

ಗೊತ್ತಿಲ್ಲದ ಕಾರಣಕ್ಕೆ ಹೋಗಿದ್ದು ಸುಮಾರು 11 ಅಂಕ, ಅಷ್ಟೇ. ಉಳಿದ ಇಪ್ಪತ್ತೆಂಟರಷ್ಟೂ ಅವಳಿಗೆ ಬರುತ್ತಿದ್ದ ಲೆಕ್ಕಗಳಲ್ಲೇ ಹೋಗಿತ್ತು. ಪ್ಲಸ್-ಮೈನಸ್ ಚಿಹ್ನೆ ತಪ್ಪಿದ್ದು ಒಂಬತ್ತೋ ಹತ್ತೋ. ಹಂತ ಹಾರಿಸಿ ನೇರ ಉತ್ತರ ಬರೆದಿದ್ದು ಇನ್ನೊಂದಿಷ್ಟು. ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದು, ಟೈಮ್ ಸಾಲದೆ ಬಿಟ್ಟಿದ್ದು ಬಾಕಿ.

ಒಂದು ಉದಾಹರಣೆ ಕೊಡುತ್ತೇನೆ. 21, 18, 15... ಈ ಸಮಾಂತರ ಶ್ರೇಢಿಯಲ್ಲಿ (ಪ್ರತಿ ಸಲ ಒಂದೇ ಸಂಖ್ಯೆಯಷ್ಟು ಏರುವ ಅಥವಾ ಇಳಿಯುವ ಸಾಲು) −81 ಎಷ್ಟನೇ ಪದ? ಸೂತ್ರ ಸರಿಯಾಗಿ ಬರೆದಿದ್ದಾಳೆ. ಸಾಮಾನ್ಯ ವ್ಯತ್ಯಾಸ −3 ಬದಲು 3 ಅಂತ ಹಾಕಿದ್ದಾಳೆ. ಮುಂದಿನ ಬಿಡಿಸುವಿಕೆಯೆಲ್ಲ ಚೊಕ್ಕ. ಕೊನೆಗೆ −33ನೇ ಪದ ಅಂತ ಬರೆದು ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದಿದ್ದಾಳೆ! ಉತ್ತರ 35. ಮೈನಸ್ ಮೂವತ್ತಮೂರನೇ ಪದ ಅಂತ ಇರುತ್ತೇನಮ್ಮಾ ಅಂದರೆ "ಅಯ್ಯೋ ಅಪ್ಪಾ" ಅಂತ ತಾನೇ ನಕ್ಕಳು. ಹೋದ ವಾರ ಟ್ಯೂಷನ್ನಿನಲ್ಲಿ ಇದೇ ಅಧ್ಯಾಯದ ಲೆಕ್ಕಗಳನ್ನು ರಾಶಿ ಮಾಡಿಸಿದ್ದರು, ಎಲ್ಲಾ ಏರುವ ಶ್ರೇಢಿಗಳೇ. ಇಳಿಯುವುದು ಎದುರಾದಾಗ ಕೈ ಅಭ್ಯಾಸಬಲದಿಂದ ಪ್ಲಸ್ ಬರೆಯಿತು. ಇಂಥದ್ದಕ್ಕೆ ಇನ್ನೂ ಐವತ್ತು ಲೆಕ್ಕ ಮಾಡಿಸಿ ಏನು ಉಪಯೋಗ?

ಹಾಗಾಗಿ ಟ್ಯೂಷನ್ ನಿಲ್ಲಿಸಿ 200 ಪುಟದ ಒಂದು ಲಾಂಗ್‌ಬುಕ್ ತಂದೆ. ನಾಲ್ಕು ಕಾಲಂ. ಪ್ರಶ್ನೆ, ಹೋದ ಅಂಕ, ಕಾರಣ, ಮತ್ತೆ ಕೇಳುವ ತಾರೀಕು. ಕಾರಣಕ್ಕೆ ಒಂದೊಂದೇ ಅಕ್ಷರ: ಚಿಹ್ನೆಗೆ ಚಿ, ಹಂತ ಹಾರಿಸಿದ್ದಕ್ಕೆ ಹಂ, ತಪ್ಪಾಗಿ ಓದಿದ್ದಕ್ಕೆ ಓ, ಬಿಟ್ಟಿದ್ದಕ್ಕೆ ಬಿ, ಗೊತ್ತಿಲ್ಲದ್ದಕ್ಕೆ ಗೊ. ಶಾಲೆಯ ಟೆಸ್ಟ್ ಆಗಲಿ, ಹಳೇ ಪ್ರಶ್ನೆಪತ್ರಿಕೆ ಆಗಲಿ, ತಪ್ಪಿದ ಲೆಕ್ಕ ಮಾತ್ರ ಇದರೊಳಗೆ. ಸರಿ ಮಾಡಿದ್ದನ್ನು ಯಾರೂ ಮುಟ್ಟುವ ಹಾಗಿಲ್ಲ. ರಾತ್ರಿ ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ, ಪಠ್ಯಪುಸ್ತಕ ಮುಚ್ಚಿಟ್ಟು, ಆ ದಿನದ ತಾರೀಕಿಗೆ ಬಿದ್ದ ಲೆಕ್ಕ ಬಿಳಿ ಹಾಳೆಯಲ್ಲಿ ಮಾಡಬೇಕು. ತಪ್ಪಿದ ಮೂರು ದಿನದ ನಂತರ ಒಂದು ಸಲ, ಆಮೇಲೆ ಹತ್ತು ದಿನಕ್ಕೆ, ಆಮೇಲೆ ತಿಂಗಳಿಗೆ. ಮೂರು ಸಲವೂ ಸರಿ ಬಂದರೆ ಕೆಂಪು ಗೆರೆ ಹೊಡೆದು ಕೈಬಿಡುವುದು.

ಮೊದಲ ತಿಂಗಳು ಪೂರ್ತಿ ಹಳ್ಳ ಹಿಡಿಯಿತು. ಪುಸ್ತಕ ನನ್ನ ಕೈಯಲ್ಲಿತ್ತು, ಬರೆಯುತ್ತಿದ್ದವನು ನಾನು, ಕಾರಣ ಹಾಕುತ್ತಿದ್ದವನೂ ನಾನೇ. ಅವಳಿಗೆ ಅದು ಪೊಲೀಸ್ ಸ್ಟೇಷನ್ನಿನ ರಿಜಿಸ್ಟರ್ ಥರ ಕಾಣಿಸಿರಬೇಕು. ಒಂದು ಟೆಸ್ಟಿನ ಪೇಪರು ಬ್ಯಾಗಿನ ತಳದಲ್ಲಿ ನಾಲ್ಕು ಮಡಿಕೆಯಾಗಿ ಸಿಕ್ಕಿತು. ಅಲ್ಲಿಂದ ಪುಸ್ತಕ ಅವಳ ಕೈಗೆ ಹೋಯಿತು. ತಪ್ಪು ಹುಡುಕುವುದು, ಕಾರಣ ಹಾಕುವುದು ಎಲ್ಲಾ ಅವಳೇ. ನನ್ನ ಕೆಲಸ ತಾರೀಕು ನೋಡಿ ಪ್ರಶ್ನೆ ಓದುವುದಷ್ಟೇ, ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ನಮ್ಮ ಮನೆಯವರನ್ನು ಕೇಳಿ ನೋಡಿ, ನನಗೆ ಬಾಯಿ ಮುಚ್ಚಿಕೊಂಡು ಕೂರೋದು ಎಷ್ಟು ಕಷ್ಟ ಅಂತ.

ಇನ್ನೊಂದು ತೊಂದರೆ, ಬಾಕಿ ಬೆಳೆಯುವುದು. ನವೆಂಬರಿನಲ್ಲಿ ಒಂದು ದಿನಕ್ಕೆ ಹದಿನೈದು ಲೆಕ್ಕದವರೆಗೂ ಬಿತ್ತು. ಹುಡುಗಿ ಅತ್ತಳು. ಅವತ್ತಿನಿಂದ ದಿನಕ್ಕೆ ಐದು ದಾಟಬಾರದು ಅಂತ ಆಯಿತು. ಯಾವ ಐದನ್ನು ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕಾಚಾರ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಚಿಕ್ಕವನ ಹತ್ತನೇ ಕ್ಲಾಸ್ ಇನ್ನೂ ಬಾಕಿ ಇದೆ.

ಹಂ ಬಿದ್ದವುಗಳನ್ನು ಸರಿ ಮಾಡಿದ್ದು ನಾನಲ್ಲ, ಪರೀಕ್ಷೆ ನಡೆಸುವ ಮಂಡಳಿಯ ಮಾದರಿ ಉತ್ತರಗಳು. ವೆಬ್‌ಸೈಟಿನಲ್ಲಿ ಸುಮ್ನೆ ಸಿಗುತ್ತವೆ, ತೆರೆದು ನೋಡುವವರು ಕಮ್ಮಿ. ಎರಡು ಅಂಕದ ಲೆಕ್ಕಕ್ಕೆ ಸೂತ್ರಕ್ಕೆ ಅರ್ಧ, ಬೆಲೆ ಹಾಕಿದ್ದಕ್ಕೆ ಅರ್ಧ, ಬಿಡಿಸಿದ್ದಕ್ಕೆ ಅರ್ಧ, ಉತ್ತರಕ್ಕೆ ಅರ್ಧ ಅಂತ ಪಕ್ಕದಲ್ಲೇ ಬರೆದಿರುತ್ತಾರೆ. ಹಳೇ ಪೇಪರ್ ಮಾಡಿಸಿ ಅವಳ ಕೈಯಲ್ಲೇ ಕೆಂಪು ಪೆನ್ನು ಕೊಟ್ಟು ಅರ್ಧರ್ಧ ಅಂಕ ಹಾಕಿಸಿದೆ. ತನ್ನ ಉತ್ತರಕ್ಕೆ ತಾನೇ ಒಂದೂವರೆ ಕಳೆದುಕೊಂಡ ಮೇಲೆ ಸೂತ್ರ ಬರೆಯದೆ ಮುಂದೆ ಹೋಗುವುದು ನಿಂತಿತು. ನಾನು ಬೈದಿದ್ದರೆ ಒಂದು ವರ್ಷ ಬೇಕಾಗುತ್ತಿತ್ತು.

ಗೊ ಬಿದ್ದವು ನೇರ ಶಾಲೆಯ ಮೇಷ್ಟ್ರ ಹತ್ತಿರ. ಕೆಲವರು ಅದೇ ಮೇಷ್ಟ್ರನ್ನು ಮನೆಪಾಠಕ್ಕೆ ಕೇಳಿ ಅಂದರು. ಅದಾಗಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಪಾಠ ಹೇಳುವ ಹಾಗಿಲ್ಲ. ಆದರೆ ಶಾಲೆಯಲ್ಲೇ "ಸಾರ್, ಈ ಮೂರನೇ ಹಂತದಿಂದ ನಾಲ್ಕನೆಯದು ಹೇಗೆ ಬಂತು" ಅಂತ ಬೆರಳಿಟ್ಟು ಕೇಳಿದರೆ ಬೇಡ ಅನ್ನುವ ಮೇಷ್ಟ್ರನ್ನು ನಾನಂತೂ ನೋಡಿಲ್ಲ. ಮೊದಲು ಪೋಷಕರ ಸಭೆಯಲ್ಲಿ ಈ ಪುಸ್ತಕ ತೋರಿಸಿದಾಗ ಅವಳ ಮೇಷ್ಟ್ರು "ಇದೆಲ್ಲಾ ಯಾಕೆ, ದಿನಾ ಹತ್ತು ಲೆಕ್ಕ ಜಾಸ್ತಿ ಮಾಡಿಸಿ ಸಾಕು" ಅಂದಿದ್ದರು. ಜನವರಿಯಲ್ಲಿ ತಾವೇ ತರಿಸಿಕೊಂಡು ನೋಡಿದರು.

ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 58 ಇರಬೇಕು, ಫೆಬ್ರವರಿಯದರಲ್ಲಿ 66-67. ಈ ಹಂತದಲ್ಲಿ ಚಿ ಹೆಚ್ಚುಕಮ್ಮಿ ಮಾಯವಾಗಿತ್ತು, ಬಿ ಮಾತ್ರ ಹಾಗೇ ಇತ್ತು. 80 ಅಂಕಕ್ಕೆ 38 ಪ್ರಶ್ನೆ, ಓದಿಕೊಳ್ಳುವ ಹದಿನೈದು ನಿಮಿಷ ಸೇರಿ ಮೂರೂಕಾಲು ಗಂಟೆ. ಒಂದು ಅಂಕದವೇ ಹದಿನಾರು, ಅದರಲ್ಲಿ ಎಂಟು ಬಹು ಆಯ್ಕೆ. ಇವಳು ಅವುಗಳ ಮೇಲೇ ನಲವತ್ತು ನಿಮಿಷ ಕೂರುತ್ತಿದ್ದಳು. ನಾಲ್ಕು ಅಂಕದ ನಾಲ್ಕು ಮತ್ತು ಐದರ ಒಂದಕ್ಕೆ ಬರುವ ಹೊತ್ತಿಗೆ ಬೆಲ್. ಪ್ರಶ್ನೆಗಳ ಸರದಿ ಬದಲಿಸಿದೆವು. ಯಾವ ಸರದಿ ಅಂತ ಹೇಳಲ್ಲ, ಪ್ರತಿ ಮಗುವಿಗೂ ಬೇರೆ ಇರುತ್ತದೆ. ಗಡಿಯಾರ ಇಟ್ಟು ಮೂರು ನಾಲ್ಕು ಪೇಪರ್ ಮಾಡಿಸಿದರೆ ತಾನೇ ಗೊತ್ತಾಗುತ್ತದೆ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಅವಳೇ ಹುಡುಕಿದ ತಪ್ಪಿಗೆ ಐದು ರೂಪಾಯಿ ಅಂದೆ. ಎರಡು ವಾರದಲ್ಲಿ ಮುನ್ನೂರರ ಹತ್ತಿರ ಹೋಯಿತು. ಆಮೇಲೆ ನೋಡಿದರೆ ಬೇಕಂತಲೇ ತಪ್ಪು ಮಾಡಿ ಹುಡುಕುತ್ತಿದ್ದಾಳೆ! ಅಲ್ಲಿಗೆ ಆ ಯೋಜನೆ ಬಂದ್. ನಮ್ಮಮ್ಮನ ಒತ್ತಾಯಕ್ಕೆ ಬೆಳಗ್ಗೆ ಐದಕ್ಕೆ ಎಬ್ಬಿಸಿ ಕೂರಿಸಿದ್ದೂ ಆಯಿತು. ಓ ಬಿದ್ದವು ಜಾಸ್ತಿ ಆದವು ಅಷ್ಟೇ, ನಿದ್ದೆಗಣ್ಣಲ್ಲಿ ವ್ಯಾಸವನ್ನು ತ್ರಿಜ್ಯ ಅಂತ ಓದುತ್ತಿದ್ದಳು. ಬೆಳಗಿನ ಓದೇ ತಲೆಗೆ ಹತ್ತೋದು ಅನ್ನುವ ಮಾತನ್ನು ನಾನು ಒಪ್ಪಲ್ಲ. ಎಂಟು ಗಂಟೆ ನಿದ್ದೆ ಆಗಿದ್ದರೆ ಯಾವಾಗ ಓದಿದರೂ ಹತ್ತುತ್ತದೆ. ವಿಜ್ಞಾನಕ್ಕೆ ಹಳೇ ಮದುವೆ ಕಾರ್ಡ್ ಕತ್ತರಿಸಿ ಚೀಟಿ ಮಾಡಿ, ಗೊತ್ತಿದ್ದರೆ ಮುಂದಿನ ಡಬ್ಬಕ್ಕೆ, ಇಲ್ಲದಿದ್ದರೆ ಮೊದಲನೆಯದಕ್ಕೆ ಅಂತ ಹಾಕಿದೆವು. ಓಮ್‌ನ ನಿಯಮ, ರಾಸಾಯನಿಕ ಸೂತ್ರ, ಸಮಾಜದ ಇಸವಿಗಳಿಗೆ ಚೆನ್ನಾಗಿ ನಡೆಯಿತು. ಕನ್ನಡ ಪದ್ಯದ ಸಾರಾಂಶಕ್ಕೆ ಹಾಕಿ ನೋಡಿದ್ದು ಪೂರಾ ದಂಡ.

ಚಿಕ್ಕವನು ಆರನೇ ಕ್ಲಾಸು. ಅವನಿಗೂ ಇದೇ ಪುಸ್ತಕ ಹಿಡಿಸಲು ಹೋದರೆ ನಡೆಯಲಿಲ್ಲ. ಅವನ ಲೆಕ್ಕ ತಪ್ಪುತ್ತಿದ್ದಿದ್ದು ಲೆಕ್ಕದಿಂದಲ್ಲ, ಓದಿನಿಂದ. ಪ್ರಥಮ್ ಸಂಸ್ಥೆ 2005ರಿಂದ ಮಾಡುತ್ತಿರುವ ಅಸರ್ ಅನ್ನುವ ಮಕ್ಕಳ ಕಲಿಕೆಯ ಸಮೀಕ್ಷೆ ಗೊತ್ತಿರಬಹುದು. ಅಕ್ಷರ, ಪದ, ಒಂದನೇ ಕ್ಲಾಸಿನ ಚಿಕ್ಕ ಪ್ಯಾರಾ, ಎರಡನೇ ಕ್ಲಾಸಿನ ಕಥೆ, ಇಷ್ಟನ್ನೇ ಓದಿಸಿ ನೋಡುತ್ತಾರೆ. ಅದೇ ಥರ ಓದಿಸಿದೆ. ಕಥೆ ಓದಿದ, ಆದರೆ ತಡವರಿಸಿ ತಡವರಿಸಿ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಅನ್ನುವುದು ಮರೆತಿರುತ್ತಿತ್ತು. ಹೀಗಿದ್ದರೆ ವಾಕ್ಯರೂಪದ ಲೆಕ್ಕ ಹೇಗೆ ಬಂದೀತು? ಅವನಿಗೆ ಗಣಿತ ನಿಲ್ಲಿಸಿ ದಿನಾ ಒಂದು ಪುಟ ಜೋರಾಗಿ ಓದಿಸುತ್ತಿದ್ದೇನೆ. ಫಲ ಇನ್ನೂ ಪೂರ್ತಿ ಕಂಡಿಲ್ಲ, ಕಂಡರೆ ಅದನ್ನೂ ಬರೆಯುತ್ತೇನೆ.

ಈ ಐದು ತಿಂಗಳಿಗೆ ಆದ ಖರ್ಚು: ಲಾಂಗ್‌ಬುಕ್, ಬಿಳಿ ಹಾಳೆ, ಹಳೇ ಪ್ರಶ್ನೆಪತ್ರಿಕೆಗಳ ಜೆರಾಕ್ಸ್, ಆ ಮುನ್ನೂರು ರೂಪಾಯಿ ಲಂಚ, ಎಲ್ಲಾ ಸೇರಿ ಒಂದು ಸಾವಿರದ ಆಚೀಚೆ.

ಆಫೀಸಿನ ಗೆಳೆಯರೊಬ್ಬರು ಮಗನಿಗೆ ಬೇಕು ಅಂತ ಆ ಪುಸ್ತಕವನ್ನೇ ಕೇಳಿದರು. ಅದು ನಮ್ಮ ಹುಡುಗಿಯ ತಪ್ಪುಗಳ ಪಟ್ಟಿ ಸಾರ್, ನಿಮ್ಮ ಮಗನ ಪೇಪರ್ ಫೋಟೊ ತೆಗೆಯಿರಿ ಮೊದಲು ಅಂದೆ. ಕೇಳಲಿಲ್ಲ, ಇಡೀ ಪುಸ್ತಕ ಜೆರಾಕ್ಸ್ ಮಾಡಿಸಿಕೊಂಡು ಹೋದರು. ಈಗ ಆ ಹುಡುಗ ಕೂತು ನಮ್ಮವಳ ಚಿಹ್ನೆ ತಪ್ಪುಗಳನ್ನು ತಿದ್ದುತ್ತಿದ್ದಾನೆ. ಅವನ ಒಂದು ಪೇಪರ್ ನಾನೇ ಇಸ್ಕೊಂಡು ನೋಡಿದೆ. ಚಿಹ್ನೆ ಒಂದೂ ತಪ್ಪಿಲ್ಲ, ಹೋಗಿದ್ದೆಲ್ಲ ಟೈಮ್ ಸಾಲದೆ ಬಿಟ್ಟು ಬಂದಿದ್ದರಲ್ಲೇ.