ಕತೆ ಓದಿದವನು ಸಿನಿಮಾ ನೋಡಲು ಕೂತರೆ

ನನಗಿರುವುದು ಪುಸ್ತಕದ ಹುಚ್ಚು. ಸಿನಿಮಾ ಏನಿದ್ದರೂ ಹಬ್ಬಕ್ಕೊಂದು ಹುಣ್ಣಿಮೆಗೊಂದು. ಈ ಸಲದ ಮಳೆಗಾಲದಲ್ಲಿ ಮಾತ್ರ ಜಾಸ್ತಿ ನೋಡಿದೆ. ಅದಕ್ಕೂ ಒಂದು ಕಟ್ಟುಪಾಡು ಹಾಕಿಕೊಂಡಿದ್ದೆ: ಕನ್ನಡದ ಕತೆ, ಕಾದಂಬರಿಯಿಂದ ಆದ ಸಿನಿಮಾ ಮಾತ್ರ. ಮೊದಲು ಸಿನಿಮಾ ನೋಡಬೇಕು, ಆಮೇಲೆ ಪುಸ್ತಕ ತೆಗೆಯಬೇಕು. ಹಿಂದೆ ಓದಿದ್ದಾದರೂ ಸರಿ, ಮತ್ತೆ ಓದಬೇಕು.

ಈ ಕ್ರಮ ಯಾಕೆ ಅಂದರೆ, ಓದು ಬಿಸಿಬಿಸಿ ಇರುವಾಗಲೇ ಸಿನಿಮಾ ನೋಡಲು ಕೂತರೆ ನಾವು ಪರೀಕ್ಷೆಯ ಪೇಪರ್ ತಿದ್ದುವ ಮೇಷ್ಟ್ರಾಗಿಬಿಡುತ್ತೇವೆ. ಅದು ಬಿಟ್ಟ, ಇದು ಬಿಟ್ಟ ಅಂತ ಮಾರ್ಕ್ಸ್ ಕಳೆಯುವುದೇ ಕೆಲಸ. ನಮ್ಮಮ್ಮ ಈ ವಿಷಯದಲ್ಲಿ ನನಗಿಂತ ಕಡಕ್ಕು. ತ್ರಿವೇಣಿ, ಎಂ.ಕೆ. ಇಂದಿರಾ ಅವರನ್ನೆಲ್ಲ ಅರೆದು ಕುಡಿದವಳು. ನಾನು 'ಶರಪಂಜರ' ಹಾಕಿದ್ದೇ ತಡ, "ಪುಸ್ತಕ ಓದ್ದೋರ ಪಕ್ಕ ಕೂತ್ಕೊಂಡು ಸಿನಿಮಾ ನೋಡಬಾರ್ದು ಕಣೋ, ನಿಂಗೇ ಕಷ್ಟ" ಅಂದಳು. ಅಂದವಳು ಕೊನೆವರೆಗೂ ಎದ್ದು ಹೋಗಲಿಲ್ಲ. ನಡುನಡುವೆ "ಇದು ಹಿಂಗಿಲ್ಲ" ಅನ್ನುವುದನ್ನೂ ಬಿಡಲಿಲ್ಲ.

ಹಳೆಯ ಸಿನಿಮಾಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಪ್ರಿಂಟ್ ಕೆಲವು ಕಡೆ ಮಸುಕು, ಕೆಲವು ಕಡೆ ಮಾತೇ ಕೇಳುವುದಿಲ್ಲ. ಇಯರ್‌ಫೋನ್ ಹಾಕಿಕೊಂಡರೆ ಸ್ವಲ್ಪ ವಾಸಿ. ನೋಡಿ ಮುಗಿಸಿದ ಮೇಲೆ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಒಂದೆರಡು ಸಾಲು ಗೀಚಿಡುತ್ತೇನೆ. ಪುಸ್ತಕದಲ್ಲಿ ಗೀಚಬಾರದು ಅನ್ನುವವರು ಕ್ಷಮಿಸಲಿ, ಪುಸ್ತಕ ನನ್ನದೇ.

ಇಷ್ಟು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇದು: ಸಣ್ಣ ಕತೆಯಿಂದ ಆದ ಸಿನಿಮಾ ಗೆಲ್ಲುವಷ್ಟು ಸುಲಭವಾಗಿ ದಪ್ಪ ಕಾದಂಬರಿಯಿಂದ ಆದದ್ದು ಗೆಲ್ಲುವುದಿಲ್ಲ. ಕಾದಂಬರಿ ಕೈಗೆತ್ತಿಕೊಂಡ ನಿರ್ದೇಶಕನಿಗೆ ಕತ್ತರಿ ಹಾಕುವುದರಲ್ಲೇ ಅರ್ಧ ಜೀವ ಹೋಗುತ್ತದೆ. ಸಣ್ಣ ಕತೆ ಹಿಡಿದವನು ಸೇರಿಸುತ್ತಾ ಹೋಗಬಹುದು.

ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಸಂಕಲನವನ್ನೇ ನೋಡಿ. ತೆಳ್ಳನೆಯ ಪುಸ್ತಕ. ಅದರಿಂದ ಎಷ್ಟು ಸಿನಿಮಾ ಬಂದವು! ಹೆಸರಿನ ಕತೆಯನ್ನು ಎನ್. ಲಕ್ಷ್ಮೀನಾರಾಯಣ್ ಮಾಡಿದರು. 'ತಬರನ ಕಥೆ'ಯನ್ನು ಗಿರೀಶ್ ಕಾಸರವಳ್ಳಿ ಮಾಡಿದರು. 'ಕುಬಿ ಮತ್ತು ಇಯಾಲ'ವೂ ತೆರೆಗೆ ಬಂತು. 2023ರಲ್ಲಿ 'ಡೇರ್‌ಡೆವಿಲ್ ಮುಸ್ತಫಾ' ಬಂತು, ಅದಕ್ಕೆ ದುಡ್ಡು ಹಾಕಿದವರು ತೇಜಸ್ವಿಯವರ ಓದುಗರೇ. ಓದುಗರು ಅಭಿಮಾನ ಇಟ್ಟುಕೊಂಡು ಸುಮ್ನೆ ಕೂರದೆ ಸಿನಿಮಾನೇ ಮಾಡಿಸಿಬಿಟ್ಟದ್ದು ನನ್ನಂಥವರಿಗೆ ಹೆಮ್ಮೆಯ ಮಾತು.

ಮುಸ್ತಫಾ ಕತೆ ನಿಮಗೆ ಗೊತ್ತಿರುತ್ತದೆ. ಹಿಂದೂ ಹುಡುಗರೇ ಇರುವ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಬಂದು ಸೇರುತ್ತಾನೆ. ಅಷ್ಟಕ್ಕೇ ಇಡೀ ತರಗತಿ ಕಕ್ಕಾಬಿಕ್ಕಿ. ಕತೆಯಲ್ಲಿ ಇದು ಕೆಲವೇ ಪುಟಗಳ ತಮಾಷೆ. ನಿರ್ದೇಶಕ ಶಶಾಂಕ್ ಸೋಗಾಲ್ ಅದನ್ನು ಹಿಗ್ಗಿಸಿ, ಕ್ರಿಕೆಟ್ ಪಂದ್ಯ ತಂದು, ಅದೇ ತರಗತಿಯ ಅಯ್ಯಂಗಾರಿ ಮತ್ತವನ ಪಟಾಲಮ್ಮಿಗೆ ಜಾಸ್ತಿ ಕೆಲಸ ಕೊಟ್ಟಿದ್ದಾರೆ. ಆ ಹುಡುಗರ ಪೆಚ್ಚುತನ, ಬಾಯಿಬಡುಕತನ ಎಲ್ಲ ಅಚ್ಚುಕಟ್ಟಾಗಿ ಬಂದಿದೆ. ಕ್ರಿಕೆಟ್ ಭಾಗ ನನಗೆ ಸ್ವಲ್ಪ ಉದ್ದ ಅನ್ನಿಸಿತು. ತೇಜಸ್ವಿ ನಗಿಸುವಾಗ ತಾವು ನಗುವುದಿಲ್ಲ. ಸಿನಿಮಾ ಆಗಾಗ ನಮ್ಮ ಜೊತೆ ತಾನೂ ನಕ್ಕುಬಿಡುತ್ತದೆ. ಆದರೂ ಮನೆಮಂದಿಯೆಲ್ಲ ಕೂತು ನೋಡಿ ನಕ್ಕೆವು, ಅದಕ್ಕಿಂತ ಇನ್ನೇನು ಬೇಕು ಅಲ್ವಾ?

'ತಬರನ ಕಥೆ' ನೋಡಿದ ದಿನ ಮಾತ್ರ ಊಟ ಸೇರಲಿಲ್ಲ. ಪಿಂಚಣಿ ಕಾಗದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕ. ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯುತ್ತಿದೆ. ಆಪರೇಷನ್ನಿಗೆ ದುಡ್ಡಿಲ್ಲ. ಕೊನೆಗೆ ಅವನು ಕಟುಕನ ಹತ್ತಿರ ಹೋಗಿ ಅವಳ ಕಾಲು ಕತ್ತರಿಸಿಕೊಡು ಅಂತ ಕೇಳುತ್ತಾನೆ. ಓದುವಾಗ ನಾನು ಆ ಸಾಲುಗಳನ್ನು ಬೇಗ ದಾಟಿಕೊಂಡು ಹೋಗಿದ್ದೆ. ಸಿನಿಮಾದಲ್ಲಿ ದಾಟುವ ಹಾಗಿಲ್ಲ, ಚಾರುಹಾಸನ್ ಮುಖ ಎದುರಿಗೇ ಇರುತ್ತದೆ. ಅವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಬರದಿದ್ದರೆ ಆಶ್ಚರ್ಯವಾಗಬೇಕಿತ್ತು.

ನನ್ನ ಮಾತಿಗೆ ಗಟ್ಟಿ ಸಾಕ್ಷಿ ಅಂದರೆ 'ಗುಲಾಬಿ ಟಾಕೀಸು'. ವೈದೇಹಿಯವರ ಕತೆಯಲ್ಲಿ ಸಣ್ಣ ಊರಿಗೆ ಟಾಕೀಸು ಬರುತ್ತದೆ. ಸೂಲಗಿತ್ತಿ ಲಿಲ್ಲಿಬಾಯಿ ಅಲ್ಲಿ ಹೆಂಗಸರ ಕಡೆಯ ಗೇಟು ಕಾಯುವವಳಾಗುತ್ತಾಳೆ. ಊರ ಹೆಂಗಸರು ಮನೆ ಬಿಟ್ಟು ಸಿನಿಮಾಕ್ಕೆ ಹೊರಡುವ ಸಂಭ್ರಮವೇ ಕತೆ. 2008ರಲ್ಲಿ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದಾಗ ಟಾಕೀಸು ಹಿಂದೆ ಸರಿದು ಟಿವಿ ಮುಂದೆ ಬಂತು. ಸೂಲಗಿತ್ತಿ ಗುಲಾಬಿಯಾದಳು, ಮೀನುಗಾರರ ಕೇರಿಯಲ್ಲಿ ಒಂಟಿಯಾಗಿರುವ ಮುಸ್ಲಿಂ ಹೆಂಗಸಾದಳು. ಕಾರ್ಗಿಲ್ ಯುದ್ಧದ ಕಾಲ ಬಂತು. ಕತೆಯಲ್ಲಿ ಇದ್ಯಾವುದೂ ಇಲ್ಲ.

ಹೆರಿಗೆ ಮಾಡಿಸಿದ ಋಣಕ್ಕೆ ಗುಲಾಬಿಯ ಗುಡಿಸಲಿಗೆ ಬಣ್ಣದ ಟಿವಿ ಬರುತ್ತದೆ, ಡಿಶ್ಶೂ ಬರುತ್ತದೆ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಕೂರುತ್ತಾರೆ. ಕೆಲವರು ಹೊಸ್ತಿಲು ದಾಟುವುದಿಲ್ಲ, ಹೊರಗೆ ನಿಂತೇ ನೋಡುತ್ತಾರೆ. ಅವಳ ಮನೆ ಬೇಡ, ಟಿವಿ ಬೇಕು! ಒಂದು ಮಾತೂ ಆಡದೆ ಇಷ್ಟನ್ನೂ ತೋರಿಸಿದ್ದು ನೋಡಿ ನಾನು ಸಿನಿಮಾ ನಿಲ್ಲಿಸಿ ಎದ್ದು ಒಂದು ಸುತ್ತು ಓಡಾಡಿಬಂದೆ. ಉಮಾಶ್ರೀಯವರದು ಬೇರೆ ಮಟ್ಟ. ಟಿವಿ ಪರದೆಯ ಎದುರು ಬಾಯಿ ಬಿಟ್ಟುಕೊಂಡು ಕೂರುವ ಆ ಖುಷಿಯಲ್ಲಿ ನಟನೆ ಎಲ್ಲಿದೆ ಅಂತ ಹುಡುಕಬೇಕು. ಇವರಿಗೂ ರಾಷ್ಟ್ರಪ್ರಶಸ್ತಿ ಬಂತು. ಮತ್ತೆ ವೈದೇಹಿಯವರ ಕತೆ ಓದಿದೆ. ಅದರ ನಗು ಸಿನಿಮಾದಲ್ಲಿಲ್ಲ, ಸಿನಿಮಾದ ದಿಗಿಲು ಕತೆಯಲ್ಲಿಲ್ಲ. ಎರಡೂ ನನಗೆ ಬೇಕು.

ಕಾದಂಬರಿಯ ಕಡೆ ಬಂದರೆ 'ನಾಗರಹಾವು'. ತರಾಸು ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಒಂದೇ ಸಿನಿಮಾಕ್ಕೆ ತುರುಕಿದರು. ತರಾಸು ಅವರಿಗೆ ಅದು ಹಿಡಿಸಲಿಲ್ಲ ಅನ್ನುವುದು ಹಳೇ ಸುದ್ದಿ. ಜನ ಮಾತ್ರ ಹೊತ್ತು ಮೆರೆಸಿದರು. ನನಗೂ ಇಷ್ಟವೇ. ಚಾಮಯ್ಯ ಮೇಷ್ಟ್ರು ಬಂದಾಗಲೆಲ್ಲ ಗಂಟಲು ಕಟ್ಟುತ್ತದೆ. ಆದರೆ ಪುಸ್ತಕದ ರಾಮಾಚಾರಿಯ ಒಳಗಿನ ಗೊಂದಲ ಸಿನಿಮಾದಲ್ಲಿ ಅರ್ಧಕ್ಕರ್ಧ ಹಾಡು, ಹೊಡೆದಾಟಕ್ಕೆ ಹೋಗಿದೆ.

ಅನಂತಮೂರ್ತಿಯವರ 'ಸಂಸ್ಕಾರ' ಪುಟಗಳ ಲೆಕ್ಕದಲ್ಲಿ ದೊಡ್ಡದೇನಲ್ಲ, ಆದರೂ ತೆರೆಗೆ ಕಷ್ಟದ್ದು. ಪುಸ್ತಕದಲ್ಲಿ ಪ್ರಾಣೇಶಾಚಾರ್ಯರ ತಲೆಯೊಳಗೇ ಪುಟಗಟ್ಟಲೆ ಸುತ್ತುತ್ತೇವೆ. 1970ರ ಸಿನಿಮಾದಲ್ಲಿ ಗಿರೀಶ ಕಾರ್ನಾಡರು ಸುಮ್ನೆ ನಡೆಯುತ್ತಾರೆ. ದಾರಿಯಲ್ಲಿ ಜೊತೆಯಾದ ಮಾಲೇರ ಪುಟ್ಟ ಬೆನ್ನು ಬಿಡದೆ ಹರಟುತ್ತಾನೆ. ಆಚಾರ್ಯರು ಒಳಗೊಳಗೇ ಏನು ಬೇಯುತ್ತಿದ್ದಾರೆ ಅನ್ನುವುದು ಪುಸ್ತಕ ಓದಿದವರಿಗಷ್ಟೇ ಗೊತ್ತು. ಓದದವರಿಗೆ ಅಲ್ಲಿ ಬೇಸರ ಬಂದರೆ ನಾನು ತಪ್ಪು ಹೇಳಲಾರೆ.

ಕೊನೆಗೆ ನೋಡಿದ್ದು 1985ರ 'ಬೆಟ್ಟದ ಹೂವು'. ಇದರ ಮೂಲ ಶರ್ಲಿ ಅರೋರಾ ಎಂಬ ಅಮೆರಿಕದ ಲೇಖಕಿಯ ಮಕ್ಕಳ ಕಾದಂಬರಿ, ಹಾಗಾಗಿ ನನ್ನ ಕಟ್ಟುಪಾಡಿಗೆ ಹೊರಗು. ಬಿಡಲು ಮನಸ್ಸಾಗಲಿಲ್ಲ. ಇಡೀ ಸಿನಿಮಾ ನಿಂತಿರುವುದೇ ಪುಸ್ತಕದ ಆಸೆಯ ಮೇಲೆ ತಾನೆ. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಲು ಹುಡುಗ ಕಾಡಿನಲ್ಲಿ ಹೂವು ಹುಡುಕಿ ಮಾರಿ ಕಾಸು ಕೂಡಿಸುತ್ತಾನೆ. ಕೊನೆಗೆ ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಪುನೀತ್ ಆಗ ಪುಟ್ಟ ಹುಡುಗ. ಅಮ್ಮ ಕಣ್ಣೊರೆಸಿಕೊಂಡು "ಒಳ್ಳೇ ಹುಡುಗ" ಅಂದಳು. ನಾನು "ಎರಡೂ ತಂದಿದ್ರೆ ಏನಾಗ್ತಿತ್ತಮ್ಮಾ?" ಅಂದೆ. "ನಿಂಗೆ ಚಳಿ ಆಗಿಲ್ಲ, ಅದಕ್ಕೇ ಹಂಗಂತೀಯ" ಅಂದಳು.